ಕನಕಪುರದ ಬಾನಲ್ಲಿ ಬಿಟ್ಟುಬಂದ ನೋಟ

ಮಾಗಡಿ ಪಕ್ಕದ ಕಲ್ಯಾಣಿಪಾಳ್ಯದ ರೇವಣಸಿದ್ದಯ್ಯನವರ ಮೊಮ್ಮಗಳು ರಕ್ಷಿತಾ ವಿಮಾನ ಓಡಿಸುತ್ತಾಳೆ ಎಂಬ ಮಾತನ್ನು ಮಾಗಡಿ ಪೇಟೆಯಲ್ಲಿ ಬಹಳ ದಿನ ಯಾರೂ ನಂಬಲಿಲ್ಲ. ಹೆಣ್ಣುಮಗಳು ವಿಮಾನದಲ್ಲಿ ಕೆಲಸಕ್ಕಿದ್ದಾಳೆ ಎಂದರೆ ನೀರಿನ ಲೋಟ ಹಿಡಿದು ಓಡಾಡುವ ಕೆಲಸವೇ ಇರಬೇಕು ಎಂದು ಜನ ತಮಗೆ ತಾವೇ ತೀರ್ಮಾನ ಮಾಡಿಕೊಂಡಿದ್ದರು. ಬಸ್ ನಿಲ್ದಾಣದ ಎದುರು ಎಣ್ಣೆ ಅಂಗಡಿ ಇಟ್ಟಿದ್ದ ಅವಳ ಅಪ್ಪ ವೀರೇಂದ್ರ ಹೇಳಿ ಹೇಳಿ ಸಾಕಾಗಿ, ಕೊನೆಗೆ ಮಗಳು ಬಿಳಿ ಅಂಗಿ ತೊಟ್ಟು ವಿಮಾನದ ಮುಂಗಾಜಿನ ಹಿಂದೆ ಕೂತಿರುವ ಪಟವನ್ನು ದೊಡ್ಡದು ಮಾಡಿಸಿ ಗಲ್ಲಾಪೆಟ್ಟಿಗೆಯ ನೆತ್ತಿಗೆ ತೂಗುಹಾಕಿದ. ಆಮೇಲೆ ಬಾಯಿಗಳು ಮುಚ್ಚಿದವು.

ತಾತ ರೇವಣಸಿದ್ದಯ್ಯನವರಿಗೆ ಪಟದ ಹಂಗು ಬೇಕಿರಲಿಲ್ಲ. "ಅದು ನನ್ ಕೈಲಿ ಪಳಗಿದ ಕಣ್ಣು. ಅದು ಎಲ್ಲಿಗೆ ಬೇಕಾದ್ರೂ ಓಯ್ತದೆ," ಎನ್ನುತ್ತಿದ್ದರು.

ಅವರು ಹೇಳುತ್ತಿದ್ದುದು ಹುಡುಗಿಯ ಲಿಂಗಪೂಜೆಯ ವಿಚಾರ. ಮೊಮ್ಮಗಳಿಗೆ ದೀಕ್ಷೆಯಾದ ಮಾರನೇ ದಿನದಿಂದಲೇ ತಾತ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರು. ಮಿಂದು, ಹಣೆಗೆ ವಿಭೂತಿ ಇಟ್ಟು, ಕೊರಳಲ್ಲಿ ತೂಗುವ ಪುಟ್ಟ ಡಬ್ಬಿ, ಕರಡಿಗೆಯಿಂದ ಲಿಂಗ ತೆಗೆದು ಎಡಗೈ ಅಂಗೈಯಲ್ಲಿ ಇಟ್ಟುಕೊಳ್ಳಬೇಕು. ದೀಪ ಬೆನ್ನ ಹಿಂದೆ ಇರಬೇಕು. ಲಿಂಗದ ಕರಿಯ ಮೈಯಲ್ಲಿ ಆ ದೀಪ ಸಾಸಿವೆ ಕಾಳಿನಷ್ಟೇ ಹೊಳೆಯುತ್ತದೆ. ಆ ಚುಕ್ಕಿಗೆ ದೃಷ್ಟಿ ನೆಟ್ಟರೆ ರೆಪ್ಪೆ ಬಡಿಯಬಾರದು. ಕಣ್ಣಲ್ಲಿ ನೀರು ಬಂದರೆ ಬರಲಿ, ಉರಿದರೆ ಉರಿಯಲಿ. ಮುಗಿದ ಮೇಲೂ ದಡಬಡ ಎದ್ದು ಹೋಗುವ ಹಾಗಿಲ್ಲ. ನೋಟ ಕೊಟ್ಟವರು ಅದನ್ನು ಕೇಳಿ ವಾಪಸ್ ಪಡೆಯಬೇಕು. "ಅಪ್ಪಣೆಯಾಗಲಿ" ಎಂದು ಮನಸ್ಸಿನಲ್ಲೇ ಬೇಡಿ, ಲಿಂಗವನ್ನು ಎರಡು ಕಣ್ಣಿಗೂ ಒತ್ತಿಕೊಂಡು, ಆಮೇಲೆ ಕರಡಿಗೆಗೆ ಸೇರಿಸಬೇಕು. ಇದು ಆ ಮನೆಯಲ್ಲಿ ಮುತ್ತಾತನ ಕಾಲದಿಂದ ನಡೆದು ಬಂದ ಕ್ರಮ. ರಕ್ಷಿತಾಗೆ ಅದು ಊಟ ಮಾಡಿದ ಕೈ ತೊಳೆಯುವಷ್ಟು ಸಹಜವಾಗಿ ಹೋಗಿತ್ತು.

ವಿಮಾನ ಕಲಿಯುವಾಗ ಇದೇ ಅವಳಿಗೆ ತೊಡಕಾಯಿತು. ಹೇಳಿಕೊಡುವ ಮೇಷ್ಟ್ರು ದಿನಾ ಬೈಯುತ್ತಿದ್ದರು. ಒಂದೇ ಕಡೆ ಕಣ್ಣು ನೆಟ್ಟು ಕೂರಬೇಡ, ಕೋಳಿ ಕಾಳು ಹೆಕ್ಕಿದ ಹಾಗೆ ಕಣ್ಣು ಓಡಾಡುತ್ತಿರಬೇಕು, ಹೊರಗೊಂದು ಸಲ, ಒಳಗಿನ ಗಡಿಯಾರದಂಥ ಯಂತ್ರಗಳ ಮುಳ್ಳುಗಳ ಕಡೆಗೊಂದು ಸಲ, ಮತ್ತೆ ಹೊರಗೆ. ಕತ್ತಲಲ್ಲಿ ಒಂಟಿ ದೀಪವನ್ನು ದಿಟ್ಟಿಸಿದರೆ ನಿಂತಿರುವ ದೀಪವೂ ಓಡಾಡಿದಂತೆ ಕಾಣುತ್ತದೆ, ಅದನ್ನು ನಂಬಿ ಎಷ್ಟೋ ಜನ ನೆಲಕ್ಕೆ ಬಡಿದಿದ್ದಾರೆ ಎಂದು ಅವರು ಎಚ್ಚರಿಸಿದ್ದರು. ಅವಳು ಕಲಿತಳು. ಮನೆಯ ಕಣ್ಣು ಬೇರೆ, ಕೆಲಸದ ಕಣ್ಣು ಬೇರೆ ಎಂದು ಎರಡನ್ನೂ ಬೇರೆ ಬೇರೆ ಇಟ್ಟುಕೊಂಡು ಬಂದಳು. ಸಣ್ಣ ಊರುಗಳಿಗೆ ಹೋಗಿಬರುವ, ರೆಕ್ಕೆಯ ಮೇಲೆ ಫ್ಯಾನು ತಿರುಗುವ ವಿಮಾನದಲ್ಲಿ ಬಲಗಡೆಯ ಸೀಟು ಸಿಕ್ಕಿತು. ಎಡಗಡೆ ಕ್ಯಾಪ್ಟನ್, ಬಲಗಡೆ ಇವಳು.

ಅವಳಿಗೆ ಹೆಚ್ಚು ಸಲ ಜೊತೆಯಾಗುತ್ತಿದ್ದ ಕ್ಯಾಪ್ಟನ್ ಎಂದರೆ ಅದ್ನಾನ್. ಚನ್ನಪಟ್ಟಣದವರು, ಅರಗಿನ ಬಣ್ಣದ ಗೊಂಬೆ ಮಾಡುವವರ ಮಗ. ತಲೆ ಅರ್ಧ ನರೆತಿತ್ತು. ರೇಡಿಯೋದಲ್ಲಿ ಅವರ ಇಂಗ್ಲಿಷ್ ಕೇಳಿದವರು ವಿಲಾಯತಿಯವರು ಎಂದುಕೊಳ್ಳಬೇಕು. ರೇಡಿಯೋ ಗುಂಡಿ ಬಿಟ್ಟ ಕೂಡಲೇ ಊರಿನ ಬಾಯಿ ತೆರೆಯುತ್ತಿತ್ತು.

"ಏನಮ್ಮ ಮಾಗಡಿ, ನಿಮ್ಮೂರಿಗೆ ರೈಲೇ ಬರ್ನಿಲ್ಲ. ನೀನು ನೋಡುದ್ರೆ ಬಸ್ ಇಳ್ದು ಸೀದಾ ಇಮಾನ ಅತ್ಬುಟ್ಟಿದ್ದೀಯ!"

"ನಿಮ್ಮೂರಲ್ಲಿ ಮಾಡೋ ಇಮಾನಕ್ಕಿಂತ ವಾಸಿ ಬುಡಿ ಸಾರ್. ಅದುಕ್ಕೆ ದಾರ ಕಟ್ಟಿ ಎಳುದ್ರೇನೆ ಓಗೋದು."

"ನಮ್ಮಪ್ಪ ಮಾಡಿದ್ದು ಕೆಟ್ಟು ನಿಂತಿದ್ದು ನೋಡಿದ್ದೀಯೇನಮ್ಮ? ಇದು ವಾರಕ್ಕೊಂದ್ಸಲ ಕೆಡ್ತದೆ," ಎಂದು ಅವರು ನಗುತ್ತಿದ್ದರು.

ಮಳೆಗಾಲ ಮುಗಿದು ಆಕಾಶ ತಿಳಿಯಾದ ಮೇಲೆ ಪೈಲಟ್‌ಗಳ ನಡುವೆ ಒಂದು ಗುಸುಗುಸು ಶುರುವಾಯಿತು. ಕಲ್ಲಿಕೋಟೆಯಿಂದ ಬೆಂಗಳೂರಿಗೆ ಸಂಜೆ ಬರುವ ವಿಮಾನದಲ್ಲಿ, ಚನ್ನಪಟ್ಟಣ ದಾಟುವ ಹೊತ್ತಿಗೆ, ಬಲಗಡೆ ಕನಕಪುರದ ಗುಡ್ಡಗಳ ಮೇಲೆ ಒಂದು ಬೆಳಕು ನಿಂತಿರುತ್ತದಂತೆ. ಒಬ್ಬರು ಕೆಂಪು ಎಂದರು, ಒಬ್ಬರು ಬೆಳ್ಳಿಯ ಬಣ್ಣ ಎಂದರು. ಬೇರೆ ವಿಮಾನವಲ್ಲ, ಏಕೆಂದರೆ ಯಂತ್ರದ ಪರದೆಯ ಮೇಲೆ ಏನೂ ಮೂಡುವುದಿಲ್ಲ. ನಕ್ಷತ್ರವಲ್ಲ, ಏಕೆಂದರೆ ಅದರ ಹಿಂದೆ ಗುಡ್ಡ ಕಾಣುತ್ತದೆ. ಕ್ಯಾಪ್ಟನ್ ಮನೋಹರ್ ಎಂಬವರು ಕಂಡದ್ದನ್ನು ಕಂಡಂತೆ ಕಂಪನಿಗೆ ತಿಳಿಸಿದರು. ಕಂಪನಿ ಅವರನ್ನು ಕಣ್ಣಿನ ಡಾಕ್ಟರ ಹತ್ತಿರ ಕಳಿಸಿತು, ಆಮೇಲೆ ತಲೆಯ ಡಾಕ್ಟರ ಹತ್ತಿರ ಕಳಿಸಿತು, ಆಮೇಲೆ ಆಫೀಸಿನಲ್ಲಿ ಒಂದು ಕುರ್ಚಿ ಕೊಟ್ಟು ಕೂರಿಸಿತು. ಇಪ್ಪತ್ತು ವರ್ಷ ಮೋಡದ ಮೇಲೆ ಓಡಾಡಿದವರು ಈಗ ಬೇರೆಯವರ ಪಾಳಿ ಹಂಚುತ್ತಾ ಕೂತಿದ್ದರು. ಉಳಿದವರು ಬಾಯಿ ಹೊಲಿದುಕೊಂಡರು. ಯಾರಾದರೂ ಮಾತು ತೆಗೆದರೆ ಒಂದೇ ಒಂದು ಬುದ್ಧಿಮಾತು ಹೇಳುತ್ತಿದ್ದರು: ಕಂಡರೆ ಕಾಣಲಿ, ದಿಟ್ಟಿಸಬೇಡಿ.

ಯಾಕೆ ದಿಟ್ಟಿಸಬಾರದು ಎಂದು ಯಾರೂ ಹೇಳುತ್ತಿರಲಿಲ್ಲ.

ರಕ್ಷಿತಾ ಅದನ್ನು ಮೊದಲು ಕಂಡ ಸಂಜೆ ವಿಮಾನ ಅವಳ ಕೈಯಲ್ಲಿತ್ತು. ಎಡಗಡೆ ಸೂರ್ಯ ಮುಳುಗಿ ಕೆಂಪು ಗೆರೆಯಷ್ಟೇ ಉಳಿದಿತ್ತು. ಬಲಗಡೆ ಕನಕಪುರದ ಸೀಮೆಯೆಲ್ಲ ಮಸಿ ಬಳಿದಂತಾಗಿತ್ತು. ಆ ಕಪ್ಪಿನ ನಡುವೆ ಸಾಸಿವೆ ಕಾಳಿನಷ್ಟು ಒಂದು ಬೆಳಕು.

ಅವಳು ಬೇಕೆಂದು ಮಾಡಲಿಲ್ಲ. ಕರಿಯ ಮೈಯಲ್ಲಿ ಸಣ್ಣ ಚುಕ್ಕಿ ಕಂಡರೆ ಏನು ಮಾಡಬೇಕೆಂದು ಎಳವೆಯಿಂದ ಮೈಗೆ ಹತ್ತಿದ್ದ ಅಭ್ಯಾಸ ಅವಳ ಅಪ್ಪಣೆ ಕೇಳದೆ ಎದ್ದು ಕೂತಿತು. ದೃಷ್ಟಿ ಹೋಗಿ ಅಲ್ಲಿ ನೆಟ್ಟಿತು. ರೆಪ್ಪೆ ನಿಂತಿತು. ಯಂತ್ರದ ಸದ್ದು ದೂರವಾಯಿತು. ಪೂಜೆಯಲ್ಲಿ ಬರುವಂಥ ನಿಶ್ಶಬ್ದವೇ ಬಂತು. ಆದರೆ ಪೂಜೆಯ ನಿಶ್ಶಬ್ದ ಬೆಚ್ಚಗಿರುತ್ತದೆ, ಇದು ಪಾಳುಬಾವಿಗೆ ಬಗ್ಗಿದಾಗ ಮುಖಕ್ಕೆ ಬಡಿಯುವ ತಣ್ಣಗಿನ ಗಾಳಿಯ ಹಾಗಿತ್ತು. ಚುಕ್ಕಿ ಒಸಿ ಅಲುಗಿತು. ತಲೆಯೆತ್ತಿ ಯಾರು ಎಂದು ನೋಡಿದಂತೆ ಅಲುಗಿತು. ಆಮೇಲೆ ಹೊರಟಿತು. ಅವಳ ಕಡೆಗೇ ಹೊರಟಿತು. ಸಾಸಿವೆ ಇದ್ದದ್ದು ಕಡಲೆಯಾಯಿತು, ನಿಂಬೆಹಣ್ಣಾಯಿತು. ಅಂಚಿಲ್ಲದ, ಕಿರಣವಿಲ್ಲದ ಬೆಳಕು. ಸುತ್ತ ಇರುವ ಯಾವುದನ್ನೂ ಬೆಳಗದ ಬೆಳಕು.

"ಏಯ್! ಕಣ್ಣು ಒಳಕ್ಕೆ ತಗೀ!"

ಅದ್ನಾನ್ ಅವಳ ತೋಳಿಗೆ ಬಲವಾಗಿ ಹೊಡೆದರು. ಅವಳು ಬೆಚ್ಚಿ ಮುಖ ತಿರುಗಿಸಿದಳು. ವಿಮಾನ ಬಲಕ್ಕೆ ವಾಲಿತ್ತು. ಅವಳಿಗೆ ಗೊತ್ತೇ ಇಲ್ಲದೆ ಅವಳ ಕೈ ವಿಮಾನವನ್ನು ಆ ಬೆಳಕಿನತ್ತ ಹೊರಳಿಸಿತ್ತು. ಅದ್ನಾನ್ ಹಿಡಿಕೆ ತಮ್ಮ ಕೈಗೆ ತೆಗೆದುಕೊಂಡು ದಾರಿಗೆ ತಂದರು. ರೇಡಿಯೋದಲ್ಲಿ ಕಂಟ್ರೋಲ್‌ನವರನ್ನು, ನಮ್ಮ ಬಲಗಡೆ ಯಾವುದಾದರೂ ವಿಮಾನ ಇದೆಯೇ ಎಂದು ಕೇಳಿದರು. ಇಲ್ಲ, ಸುತ್ತ ಏನೂ ಇಲ್ಲ ಎಂಬ ಉತ್ತರ ಬಂತು. ಸರಿ ಎಂದು ಗುಂಡಿ ಬಿಟ್ಟರು.

"ನೀವೂ ನೋಡಿದ್ರಾ ಸಾರ್?"

"ನೋಡ್ನಿಲ್ಲ. ಇದೆ ಅಂತ ಗೊತ್ತು, ನೋಡ್ನಿಲ್ಲ. ಎಷ್ಟೊತ್ತು ದಿಟ್ಟಿಸ್ದೆ?"

"ಗೊತ್ತಿಲ್ಲ ಸಾರ್."

"ರೆಪ್ಪೆ ಬಡುದ್ಯಾ?"

"ಇಲ್ಲ."

ಅದ್ನಾನ್ ಅವಳನ್ನು ಒಂದು ಸಲ ನೋಡಿ ಮುಂದಕ್ಕೆ ತಿರುಗಿದರು. ಇಳಿಯುವ ತನಕ ಊರಿನ ಮಾತು ಒಂದೂ ಆಡಲಿಲ್ಲ.

ಎರಡನೇ ಸಲ ಅದು ಅವಳಿಗಾಗಿ ಕಾದಿತ್ತು. ಗುಡ್ಡದ ಮೇಲೆ ಅಲ್ಲ, ಅದಕ್ಕಿಂತ ಬಹಳ ಈಚೆಗೆ. ಅವಳು ಮುಖವನ್ನು ಯಂತ್ರಗಳ ಕಡೆಗೆ ತಗ್ಗಿಸಿ ಕೂತಿದ್ದಳು. ಆದರೂ ಬಲಗೆನ್ನೆಯ ಮೇಲೆ ಯಾರೋ ಉಸಿರು ಬಿಟ್ಟಂತೆ ಅದು ಬಂದು ರೆಕ್ಕೆಯ ಪಕ್ಕ ಸರಿಸಮನಾಗಿ ಬರುತ್ತಿರುವುದು ಗೊತ್ತಾಗುತ್ತಿತ್ತು. ಆಗ ಒಳಗಿನ ಫೋನು ಸದ್ದಾಯಿತು. ಹಿಂದೆ ಪ್ರಯಾಣಿಕರನ್ನು ನೋಡಿಕೊಳ್ಳುವ ಬಿಡದಿಯ ಹುಡುಗಿ ಧನುಶ್ರೀ.

"ಮೇಡಂ, ಏನೂ ತೊಂದ್ರೆ ಇಲ್ಲ ತಾನೆ?"

"ಯಾಕೆ ಧನು?"

"ಏನಿಲ್ಲ... ಇಲ್ಲಿ ನಾಕೈದು ಎಳೇ ಮಕ್ಳವೆ. ಅತ್ತತ್ತು ಮಲಗಿದ್ವು. ಈಗ ಎಲ್ಲಾ ಒಂದೇ ಸಲ ಎದ್ಬುಟ್ವು ಮೇಡಂ. ಒಂದೂ ಅಳ್ತಿಲ್ಲ. ಎಲ್ಲಾ ಬಲಗಡೆ ಕಿಟಕಿ ಕಡೆ ತಿರುಕೊಂಡು ಕೂತವೆ. ತಾಯ್ದೀರು ತಿರುಗಿಸ್ಕೊಂಡ್ರೂ ಕತ್ತು ಆ ಕಡೆಗೇ ಓಯ್ತದೆ. ನನ್ಗೆ ಯಾಕೋ ಒಂಥರಾ ಆಯ್ತದೆ."

"ಕಿಟಕಿ ಪರದೆ ಎಳ್ಸು. ಎಲ್ಲಾದುನ್ನೂ," ಎಂದಳು ರಕ್ಷಿತಾ. ಇಳಿಯುವ ಹೊತ್ತಿಗೆ ಪರದೆ ತೆರೆಸುವುದು ನಿಯಮ, ಮುಚ್ಚಿಸುವುದಲ್ಲ. ಆದರೂ ಧನುಶ್ರೀ ಮುಚ್ಚಿಸಿದಳು.

ನೆಲ ಮುಟ್ಟಿ, ಜನರೆಲ್ಲ ಇಳಿದು ಹೋದ ಮೇಲೆ ಅದ್ನಾನ್ ಸೀಟಿನಿಂದ ಏಳಲಿಲ್ಲ.

"ನೋಡಮ್ಮ, ಬಿಚ್ಚಿ ಏಳ್ತೀನಿ. ನಾನೂ ಎಷ್ಟೋ ಸಲ ಕಂಡಿದ್ದೀನಿ. ನಾವೆಲ್ಲಾ ಕಂಡಾಗ ಅದು ನಿಂತಿರೋದು, ಅಷ್ಟೆ. ದೂರ್ದಲ್ಲಿ ಯಾರೋ ಒಲ ಕಾಯ್ತಾ ನಿಂತಂಗೆ. ಇಂದೆ ಬರ್ತಿರ್ನಿಲ್ಲ. ನೀನು ನೋಡಿದ್‌ಮೇಲೆ ಬರ್ತಾ ಐತೆ. ನಾಳೆ ಮುಂದುಗಡೆ ಗಾಜಿಗೆ ಬಂದು ನಿಂತ್ರೆ? ಇಂದೆ ಎಪ್ಪತ್ತು ಜೀವ ಐತೆ."

"ಕಂಪ್ನಿಗೆ ಏಳ್ಬುಡ್ತೀನಿ ಸಾರ್."

"ಏಳುದ್ರೆ ಮನೋಹರ್ ಪಕ್ಕ ಇನ್ನೊಂದು ಕುರ್ಚಿ ಆಕ್ತಾರೆ. ನಿನ್ಗೆ ಇನ್ನೂ ಮೂವತ್ತಾಗಿಲ್ಲ. ಏಳ್ದೆ ಇದ್ರೆ..." ಅವರು ಹಿಂದಿನ ಸೀಟುಗಳ ಕಡೆಗೆ ಕೈ ತೋರಿಸಿದರು. "ನಾನು ಏಳು ಅಂತ್ಲೂ ಅನ್ನಲ್ಲ, ಬ್ಯಾಡ ಅಂತ್ಲೂ ಅನ್ನಲ್ಲ. ನಿನ್ ಜೊತೆ ಕೂತ್ಕೊಳೋದು ಬುಡಲ್ಲ, ಅಷ್ಟೆ."

ಮಾರನೇ ದಿನ ರಜೆ ಇತ್ತು. ಊರಿಗೆ ಬಂದಳು. ಬೆಳಗ್ಗೆ ಮಿಂದು ಪೂಜೆಗೆ ಕೂತಳು. ಬೆನ್ನ ಹಿಂದೆ ದೀಪ ನಿಶ್ಚಲವಾಗಿ ಉರಿಯುತ್ತಿತ್ತು. ಅಂಗೈ ಮೇಲಿನ ಲಿಂಗದ ಮೈಯಲ್ಲಿ ಚುಕ್ಕಿ ಮೂಡಿತು. ಅವಳು ದೃಷ್ಟಿ ನೆಟ್ಟಳು. ಚುಕ್ಕಿ ಒಸಿ ಅಲುಗಿ, ಬಲಕ್ಕೆ ಸರಿಯಿತು. ಅವಳು ಹಿಂದಿರುಗಿ ನೋಡಿದಳು. ದೀಪ ಕದಲಿರಲಿಲ್ಲ. ಮತ್ತೆ ಲಿಂಗ ನೋಡಿದಳು. ಚುಕ್ಕಿ ದೊಡ್ಡದಾಗುತ್ತಿತ್ತು.

ಅವಳು ಅಂಗೈ ಹಿಂದಕ್ಕೆಳೆದುಕೊಂಡಳು. ಎಂದೂ ಆಗದ್ದು ಆಗಿ, ಲಿಂಗ ಜಾರಿ ಮಡಿಲಿಗೆ ಬಿತ್ತು.

ತಾತ ಅದನ್ನು ಕಂಡರು. ಬೈಯಲಿಲ್ಲ. ಲಿಂಗವನ್ನು ಎತ್ತಿ, ನೀರೆರೆದು, ಕಣ್ಣಿಗೊತ್ತಿ ಅವಳ ಕೊರಳಿಗೆ ಮರಳಿ ಸೇರಿಸಿದರು. ಆಮೇಲೆ ತೆಂಗಿನ ತೋಟಕ್ಕೆ ಕರೆದುಕೊಂಡು ಹೋಗಿ ಬಾವಿಯ ಕಟ್ಟೆಯ ಮೇಲೆ ಕೂತರು.

"ಏನ್ ಕಂಡೆ ಮಗಾ? ನನ್ ಹತ್ರ ಮುಚ್ಚಬ್ಯಾಡ."

ಅವಳು ಎಲ್ಲವನ್ನೂ ಹೇಳಿದಳು. ಅಭ್ಯಾಸದ ಕಣ್ಣು ತಾನಾಗಿ ಹೋಗಿ ನೆಟ್ಟಿದ್ದು, ವಿಮಾನ ವಾಲಿದ್ದು, ಮಕ್ಕಳು ಕತ್ತು ತಿರುಗಿಸಿದ್ದು, ಕಂಪನಿಗೆ ಹೇಳಿದರೆ ತನ್ನ ಕೆಲಸ ಹೋಗುವುದು, ಹೇಳದಿದ್ದರೆ ತನ್ನ ಬೆನ್ನ ಹಿಂದೆ ಕೂತವರ ಗತಿ. ತಾತ ನಡುವೆ ಒಂದೇ ಒಂದು ಪ್ರಶ್ನೆ ಕೇಳಿದರು.

"ಕಣ್ಣು ಕೀಳೋವಾಗ ಅಪ್ಪಣೆ ಕೇಳುದ್ಯಾ?"

"ಎಲ್ಲಿ ತಾತ? ಕ್ಯಾಪ್ಟನ್ನು ತೋಳಿಗೆ ಒಡುದ್ರು, ತಿರುಗ್ಬುಟ್ಟೆ."

ರೇವಣಸಿದ್ದಯ್ಯನವರು ಬಗ್ಗಿ ಬಾವಿಯ ನೀರನ್ನು ನೋಡಿದರು.

"ತಪ್ಪು ನಿಂದಲ್ಲ ಕಣವ್ವ. ಆ ನೋಟ ಲಿಂಗಕ್ಕೆ ಸಲ್ಲಬೇಕಾದ್ದು. ಲಿಂಗ ಆದ್ರೆ ತಗೊಂತದೆ, ಕೊಡ್ತದೆ. ನೀನು ಅದುನ್ನ ಓಗಿ ಯಾರು ಎತ್ತ ಅಂತ ಗೊತ್ತಿಲ್ದಿರೋ ದಾರಿಹೋಕನ್ಗೆ ಕೊಟ್ಬುಟ್ಟೆ. ವಾಪಸ್ಸೂ ಕೇಳ್ದೆ ಎದ್ದು ಬಂದ್ಬುಟ್ಟೆ. ಅವ್ನು ಇಡ್ಕಂಡವ್ನೆ. ಇಡ್ಕಂಡಿರೋ ತುದಿ ಅವ್ನ್ ಕೈಲಿ ಐತೆ, ಇನ್ನೊಂದು ತುದಿ ನಿನ್ ಕಣ್ಣಲ್ಲೈತೆ. ಎಳ್ಕಂಡು ಬರ್ದೆ ಇನ್ನೇನ್ ಮಾಡ್ತಾನೆ?"

"ಅಂಗಾದ್ರೆ ಮತ್ತೆ ದಿಟ್ಟಿಸಿ, ಅಪ್ಪಣೆ ಕೇಳ್ಬುಡ್ಲಾ ತಾತ?"

"ಬಾಯ್ ಮುಚ್ಚು!" ಎಂದರು ತಾತ. ಅವರು ಅವಳನ್ನು ಹಾಗೆ ಗದರಿದ್ದು ಅದೇ ಮೊದಲು. "ಎಪ್ಪತ್ತು ಜನರ ಜೀವ ಕೈಲಿಟ್ಕಂಡು ದಿಟ್ಟಿಸ್ತಾಳಂತೆ. ಕಂಪ್ನಿಗೆ ಒಸಿ ತಡ್ಕಂಡು ಏಳು. ನಾಳೆ ನಿನ್ ಕೆಲ್ಸ ಐತಾ?"

"ಐತೆ. ಸಂಜೆ ಅದೇ ದಾರಿ."

"ಓಗು. ಕಣ್ಣು ಒಳಗೇ ಮಡಿಕ್ಕೊ. ಏನೇ ಬರ್ಲಿ, ಪಕ್ಕದಲ್ಲಿ ಕೂತವ್ನೇ ಸಾಯ್ಲಿ, ಹೊರಕ್ಕೆ ನೋಡಬ್ಯಾಡ. ನಾಡಿದ್ದು ಕಂಪ್ನಿಗೆ ಏಳುವಂತೆ."

ಅದನ್ನು ಕೇಳುತ್ತ ಕಡ್ಡಿಪೊರಕೆ ಹಿಡಿದು ನಿಂತಿದ್ದ ಅಜ್ಜಿ ಗಿರಿಜಾಂಬ ಗಂಡನಿಗೆ ಹೇಳಿದರು: "ನಾಳೆ ನೀವೇನೋ ಮಾಡೋಕೆ ಒಂಟಿದ್ದೀರಿ. ನಿಮ್ ಮುಖ ನೋಡುದ್ರೆ ನನ್ಗೆ ಗೊತ್ತಾಗಲ್ವಾ?"

"ನಾನೇನ್ ಮಾಡ್ಲಿ? ಎಂಬತ್ತು ದಾಟಿದ ಮುದುಕ. ನಾನು ಮರ ಅತ್ತಲೋ, ಇಮಾನ ಅತ್ತಲೋ?"

"ಮರಾನೇ ಅತ್ತಿ. ಬಿದ್ರೆ ಎತ್ಕಳೋಕೆ ಯಾರಾದ್ರೂ ಸಿಕ್ತಾರೆ," ಎಂದು ಅಜ್ಜಿ ಗೊಣಗುತ್ತ ಅಂಗಳ ಗುಡಿಸಲು ಹೋದರು.

ಮಾರನೇ ಸಂಜೆ ಕಲ್ಲಿಕೋಟೆಯಿಂದ ಹೊರಟಾಗ ವಿಮಾನ ತುಂಬಿತ್ತು. ಅದ್ನಾನ್ ತಾವೇ ಓಡಿಸುವುದಾಗಿ ಹೇಳಿ, ಅವಳಿಗೆ ರೇಡಿಯೋ ಒಪ್ಪಿಸಿದ್ದರು. ಮಾಗಡಿ, ಇಮಾನ, ಗೊಂಬೆ ಯಾವ ತಮಾಷೆಯೂ ಇರಲಿಲ್ಲ. ಚನ್ನಪಟ್ಟಣದ ದೀಪಗಳು ಕೆಳಗೆ ಕಾಣಿಸಿಕೊಂಡಾಗ ಅವಳು ತಲೆ ತಗ್ಗಿಸಿ, ಎದುರಿನ ಮುಳ್ಳುಗಳನ್ನು ಒಂದೊಂದಾಗಿ ಮನಸ್ಸಿನಲ್ಲಿ ಓದಿಕೊಳ್ಳತೊಡಗಿದಳು. ವೇಗ, ಎತ್ತರ, ದಿಕ್ಕು. ವೇಗ, ಎತ್ತರ, ದಿಕ್ಕು.

ಬಲಗೆನ್ನೆ ತಣ್ಣಗಾಯಿತು. ಬಂತು.

ಈ ಸಲ ಅದು ರೆಕ್ಕೆಯ ಪಕ್ಕ ನಿಲ್ಲಲಿಲ್ಲ. ಮುಂದಕ್ಕೆ ಬಂತು. ಅವಳು ನೋಡುತ್ತಿದ್ದುದು ಯಂತ್ರದ ಗಾಜುಗಳನ್ನು, ಆದರೆ ಆ ಗಾಜುಗಳಲ್ಲೆಲ್ಲ ಒಂದೊಂದು ಸಣ್ಣ ಬಿಳಿ ಚುಕ್ಕಿ ಮೂಡಿ ಬಲದಿಂದ ನಡುವಿಗೆ ಸರಿಯುತ್ತಿತ್ತು. ಹಿಂದೆ ಜನರ ಸದ್ದು ಪೂರ್ತಿ ನಿಂತುಹೋಗಿತ್ತು. ಅಷ್ಟು ಜನ ಕೂತಿರುವ ಜಾಗದಲ್ಲಿ ಒಂದು ಕೆಮ್ಮಿನ ಸದ್ದೂ ಇರಲಿಲ್ಲ.

"ಸಾರ್..."

"ನೋಡಬ್ಯಾಡ. ಮುಂದುಗಡೆ ಐತೆ. ನಾನೂ ನೋಡ್ತಿಲ್ಲ. ಯಂತ್ರ ನೋಡ್ಕಂಡು ಇಳುಸ್ತೀನಿ. ಬಿಸ್ಮಿಲ್ಲಾ..." ಎಂದರು ಅದ್ನಾನ್.

ಚುಕ್ಕಿಗಳು ದೊಡ್ಡದಾದವು. ಅವಳ ಕಣ್ಣು ಮೇಲೇಳಲು ಹವಣಿಸುತ್ತಿತ್ತು. ಗದ್ದದ ಕೆಳಗೆ ಯಾರೋ ಬೆರಳಿಟ್ಟು ಎತ್ತುತ್ತಿದ್ದಂತೆ ಎನ್ನಿಸಿತು. ಅವಳು ಕೊರಳ ಕರಡಿಗೆಯನ್ನು ಅಂಗಿಯ ಮೇಲಿಂದಲೇ ಮುಷ್ಟಿ ಮಾಡಿ ಹಿಡಿದುಕೊಂಡಳು. ಇನ್ನು ಆಗುವುದಿಲ್ಲ, ತಲೆ ಎತ್ತಿಯೇ ಬಿಡುತ್ತೇನೆ ಎನ್ನುವ ಗಳಿಗೆಯಲ್ಲಿ ಚುಕ್ಕಿಗಳೆಲ್ಲ ಒಟ್ಟಿಗೇ ಒಸಿ ಅಲುಗಿದವು. ಯಾರೋ ಬೇರೆ ಕಡೆಯಿಂದ ಕೂಗಿದಾಗ ತಿರುಗಿ ನೋಡುವವರ ಹಾಗೆ ಅಲುಗಿದವು. ಆಮೇಲೆ ಎಡಕ್ಕೆ ಸರಿದವು. ಒಂದೊಂದೇ ಗಾಜಿನ ಅಂಚು ದಾಟಿ ಆರಿಹೋದವು.

ಹಿಂದುಗಡೆ ಒಂದು ಮಗು ಕಿಟಾರನೆ ಅತ್ತಿತು. ಅದರ ಹಿಂದೆ ಎಲ್ಲ ಮಕ್ಕಳೂ ಅತ್ತವು.

"ಓಯ್ತು," ಎಂದರು ಅದ್ನಾನ್, ಉಸಿರು ಬಿಟ್ಟು. "ಎಡಗಡೆಗೆ ಓಯ್ತು. ಕೆಳುಕ್ಕೆ ಇಳೀತಾ ಐತೆ. ಸಾವನದುರ್ಗದ ಬೆಟ್ಟದ ಆಚೆಗೆ."

"ಮಾಗಡಿ ಕಡೆಗಾ ಸಾರ್?"

"ಊಂ," ಎಂದರು ಅದ್ನಾನ್. ತಾತ ಹಿಂದಿನ ದಿನ ಬಾವಿಯ ನೀರು ನೋಡುತ್ತ ಏನು ಯೋಚನೆ ಮಾಡಿದ್ದರು ಎಂಬುದು ಅವಳಿಗೆ ಆಗ ಗೊತ್ತಾಯಿತು. ಎಡಗಡೆಯ ಕಿಟಕಿ ಅದ್ನಾನರ ಹೆಗಲಿನ ಆಚೆಗೇ ಇತ್ತು. ಕತ್ತು ಒಂದಿಷ್ಟು ತಿರುಗಿಸಿದರೆ ಸಾಕಿತ್ತು. ಕಂಟ್ರೋಲ್‌ನವರು ಎತ್ತರ ಇಳಿಸಿಕೊಳ್ಳಿ ಎಂದರು. ಅವಳು ಸ್ಪಷ್ಟವಾದ ದನಿಯಲ್ಲಿ ಅದನ್ನು ಮರಳಿ ಹೇಳಿ ಒಪ್ಪಿಸಿದಳು. ವೇಗ, ಎತ್ತರ, ದಿಕ್ಕು. ವೇಗ, ಎತ್ತರ, ದಿಕ್ಕು.

ವಿಮಾನದ ಬಾಗಿಲು ತೆರೆಯುತ್ತಲೇ ಮನೆಗೆ ಫೋನು ಹಚ್ಚಿದಳು. ಅಜ್ಜಿಯೇ ಎತ್ತಿದರು.

"ಅಜ್ಜಿ, ತಾತ ಎಲ್ಲವ್ರೆ?"

"ತಾರಸಿ ಮೇಲವ್ರೆ ಕಣವ್ವ. ದೀಪ ಅಚ್ಚೋ ಒತ್ನಲ್ಲಿ ಚಾಪೆ ತಗಂಡು ಅತ್ತಿದ್ರು. ಲಿಂಗದ ಕರಡಿಗೆ ಬಿಚ್ಚಿ ನನ್ ಕೈಗ್ ಕೊಟ್ಟು, ದೇವರ ಮನೇಲಿ ಮಡುಗು, ಇದುನ್ನ ಅದ್ರ ಮುಂದೆ ತೋರ್ಸೋಕಾಗಲ್ಲ ಅಂದ್ರು. ಕೊರಳಿಂದ ಒಂದಿನವೂ ಇಳ್ಸಿದ್ದವ್ರಲ್ಲ. ನಾನು ಕೂಗ್ತಾ ಇವ್ನಿ, ಓಗೊಡ್ತಿಲ್ಲ. ನಿಮ್ಮಪ್ಪ ಮೇಲೋಗಿ ಅಲುಗ್ಸುದ್ರೂ ಮಾತಿಲ್ಲ. ಉಸ್ರು ಚೆನ್ನಾಗೈತೆ. ಕಣ್ ಬುಟ್ಕಂಡೇ ಕೂತವ್ರೆ. ಏನ್ ನೋಡ್ತಾವ್ರೆ ಅಂತ ನಾನೂ ನೋಡ್ದೆ. ನನ್ಗೇನೂ ಕಾಣ್ನಿಲ್ಲ ಮಗಾ."

ಅದ್ನಾನ್ ತಮ್ಮ ಕಾರಿನಲ್ಲೇ ಅವಳನ್ನು ಮಾಗಡಿಯ ತನಕ ಬಿಟ್ಟರು. ಅವಳು ಮನೆ ಮುಟ್ಟುವ ಹೊತ್ತಿಗೆ ತಾತನನ್ನು ಚಾಪೆಯ ಸಮೇತ ಹೊತ್ತು ತಂದು ನಡುಮನೆಯಲ್ಲಿ ಮಲಗಿಸಿದ್ದರು. ಮೈ ಬೆಚ್ಚಗಿತ್ತು. ಬಾಯಿಗೆ ನೀರು ಬಿಟ್ಟರೆ ನುಂಗುತ್ತಿದ್ದರು. ಕಣ್ಣು ಮಾತ್ರ ತೆರೆದೇ ಇತ್ತು. ಮಾಗಡಿಯಿಂದ ಬಂದ ಡಾಕ್ಟರು ಟಾರ್ಚು ಹಿಡಿದು ನೋಡಿ, ಮೆದುಳಿಗೆ ಏನೋ ಆಗಿರಬೇಕು, ದೊಡ್ಡ ಆಸ್ಪತ್ರೆಗೆ ಸೇರಿಸಿ ಎಂದರು. ಸೇರಿಸಿದರು. ಎಲ್ಲ ಪರೀಕ್ಷೆಯೂ ಆಯಿತು. ಯಾವುದರಲ್ಲೂ ಏನೂ ಸಿಗಲಿಲ್ಲ. ಕಣ್ಣು ಒಣಗದಂತೆ ಹಾಕಲು ಹನಿ ಕೊಟ್ಟು ಮನೆಗೆ ಕಳಿಸಿದರು.

ಊರಿಗೆ ಮರಳಿದ ಬೆಳಗ್ಗೆ ಜಗುಲಿಯ ಕಂಬಕ್ಕೆ ಒರಗಿಸಿ ಕೂರಿಸಿದಾಗ ತಾತ ಮೊದಲ ಸಲ ಬಾಯಿ ಬಿಟ್ಟರು. ಅವಳ ಕಡೆ ತಿರುಗದೆ, ಸಾವನದುರ್ಗದ ದಿಕ್ಕಿಗೆ ಮುಖ ಇಟ್ಟುಕೊಂಡೇ ಕೇಳಿದರು.

"ನಿನ್ನ ಬುಡ್ತಾ ಮಗಾ?"

"ಬುಡ್ತು ತಾತ." ಅದು ನಿಜವಾಗಿತ್ತು. ಆಸ್ಪತ್ರೆಯ ಕೋಣೆಯಲ್ಲೇ ಅವಳು ಪೂಜೆಗೆ ಕೂತಿದ್ದಳು, ಲಿಂಗದ ಮೈಯ ಚುಕ್ಕಿ ಕದಲದೆ ನಿಂತಿತ್ತು.

"ಸರಿ ಬುಡು. ಇನ್ನು ಕಂಪ್ನಿಗೆ ಏಳೋದೇನೂ ಬ್ಯಾಡ. ನಿನ್ ಪಾಡಿಗೆ ನೀನು ಆರಾಡ್ಕಂಡಿರು."

ಅವಳು ತಾತನ ಎರಡು ಕೈಗಳನ್ನೂ ಹಿಡಿದುಕೊಂಡಳು. "ಸಾಕು ತಾತ, ನೀವು ಕಣ್ಣು ತಗೀರಿ. ನಿಮ್ ದಮ್ಮಯ್ಯ."

ತಾತ ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದರು.

"ಅಪ್ಪಣೆ ಕೇಳ್ದೆ ಮಗಾ. ಮೊದಲ್ನೇ ದಿನಾನೇ ಕೇಳ್ದೆ. ದಿನಾ ಕೇಳ್ತಾ ಇವ್ನಿ. ಕೊಡ್ತಾ ಇಲ್ಲ."

ಅವತ್ತು ಸಂಜೆ ಅವಳಿಗೆ ಕಲ್ಲಿಕೋಟೆಯ ಪಾಳಿ ಇತ್ತು. ಮಧ್ಯಾಹ್ನ ಕಂಪನಿಯಿಂದ ಫೋನು ಬಂತು. ಬರುವುದಿಲ್ಲ ಎಂದಳು. ಕಾರಣ ಕೇಳಿದರು. ಅವಳು ಜಗುಲಿಯ ಮೆಟ್ಟಿಲ ಮೇಲೆ ಕೂತು, ಮೊದಲಿನಿಂದ ಕೊನೆಯ ತನಕ, ಕಂಡದ್ದು, ವಿಮಾನ ವಾಲಿದ್ದು, ಪರದೆ ಮುಚ್ಚಿಸಿದ್ದು, ಒಂದನ್ನೂ ಬಿಡದೆ ಹೇಳಿದಳು. ಆ ಕಡೆ ಕೇಳುತ್ತಿದ್ದವರು ಮನೋಹರ್. ಅವರು ಒಂದು ಸಲವೂ ಅಡ್ಡಬಾಯಿ ಹಾಕಲಿಲ್ಲ. ಕೊನೆಗೆ, "ಆಯ್ತಮ್ಮ, ಪಾಳಿಯಿಂದ ನಿಮ್ಮ ಹೆಸರು ತೆಗೆದಿದ್ದೇನೆ," ಎಂದಷ್ಟೇ ಹೇಳಿ ಫೋನು ಇಟ್ಟರು.

ಹೊತ್ತು ಇಳಿಯಿತು. ಅಜ್ಜಿ ತಾತನನ್ನು ಒಳಗೆ ಕರೆದುಕೊಂಡು ಹೋಗೋಣ ಎಂದರು. ಎಷ್ಟು ಎಬ್ಬಿಸಿದರೂ ತಾತ ಬೇರೂರಿದವರ ಹಾಗೆ ಕದಲಲಿಲ್ಲ. ರಕ್ಷಿತಾ ಅವರ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಂತೆ, ಸಾವನದುರ್ಗಕ್ಕೆ ಬೆನ್ನು ಕೊಟ್ಟು ಕೂತಳು. ಅವರಿಗೂ ಆಕಾಶಕ್ಕೂ ನಡುವೆ ತಾನೇ ಅಡ್ಡ ಇರುತ್ತೇನೆ ಎಂಬ ಹಟ ಅವಳದು. ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿದ್ದ ಹಸು ಮೆಲುಕು ನಿಲ್ಲಿಸಿತು. ತೋಟದ ಹಕ್ಕಿಗಳ ಗಲಾಟೆ ನಡುವೆಯೇ ಕತ್ತರಿಸಿದಂತೆ ನಿಂತಿತು.

ತಾತನ ನೋಟ ಅವಳ ನೆತ್ತಿಯ ಮೇಲಿನಿಂದ ದೂರ, ಎತ್ತರದಲ್ಲಿ ಎಲ್ಲೋ ನೆಟ್ಟಿತ್ತು. ಅದು ಮೆಲ್ಲಗೆ ಇಳಿಯತೊಡಗಿತು. ಹಾರಿ ಬರುವ ಹಕ್ಕಿಯನ್ನು ಹಿಂಬಾಲಿಸುವವರ ಹಾಗೆ, ತಡೆಯಿಲ್ಲದೆ, ಅವಸರವಿಲ್ಲದೆ ಇಳಿಯಿತು.

"ತಾತ, ನನ್ನ ನೋಡಿ. ಇಲ್ಲಿ, ನನ್ನ ನೋಡಿ."

ಇಳಿದು ಇಳಿದು ಆ ನೋಟ ಅವಳ ಬಲ ಹೆಗಲಿನ ಮೇಲಕ್ಕೆ, ಒಂದು ಮಾರು ಹಿಂದಕ್ಕೆ ಬಂದು ನಿಂತಿತು. ಅವಳ ಗದ್ದದ ಕೆಳಗೆ ತಣ್ಣಗಿನ ಬೆರಳೊಂದು ಸೋಕಿದಂತಾಯಿತು. ಅವಳು ತಾತನ ಕೈಗಳನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಳು. ಹಿಂದಿರುಗಿ ನೋಡಲಿಲ್ಲ.